ನಾನೂರು ವರ್ಷದ ತಕರಾರು

ಸಾಗರ
೧೨ ಜೂನ್ ೧೯೬೫

ಡಿ. ಶರಾವತಿ ಎಂಬುವವರಿಗೆ,

ನೀವು ಹೊಸನಗರ ತಾಲ್ಲೂಕಿನ ದುಗ್ಗಪ್ಪನ ಮಗಳಲ್ಲದಿದ್ದರೆ ಈ ಕಾಗದವನ್ನು ನಿಮ್ಮ ಮೇಲಿನವರಿಗೆ ಕೊಟ್ಟುಬಿಡಿ. ಅವನ ಮಗಳೇ ಆಗಿದ್ದರೆ ಇಲ್ಲಿಂದ ಮುಂದೆ ಏಕವಚನದಲ್ಲೇ ಬರೆಯುತ್ತೇನೆ. ನನ್ನ ಕೈಯಲ್ಲಿ ಬೆಂಚಿನ ಮೇಲೆ ನಿಂತವರಿಗೆ ಬಹುವಚನ ಹಚ್ಚುವ ಅಭ್ಯಾಸ ನನಗಿಲ್ಲ.

ನಿಮ್ಮ ಪ್ರಯೋಗಾಲಯದ ವರದಿ ನಿನ್ನೆ ಕೈಸೇರಿತು. ಹೊನ್ನಾವರದ ಹತ್ತಿರ, ತೆಂಗಿನ ತೋಟದ ಮೂಲೆಯ ದಿಬ್ಬದಲ್ಲಿ ನಾನು ನಿವೃತ್ತಿಯ ಬಿಡುವನ್ನೆಲ್ಲ ಸುರಿದು ಅಗೆಸಿದ ಗುಂಡಿಯ ಚಿಪ್ಪುಗಳಿಗೆ ಸಾವಿರದ ಎಂಟುನೂರ ಎಂಬತ್ತು ವರ್ಷ ಎಂದು ಬರೆದಿದ್ದೀರಿ. ಅಂದರೆ ಕ್ರಿಸ್ತಶಕದ ಮೊದಲನೇ ಶತಮಾನ. ಯವನರ ಹಡಗುಗಳು ಮೆಣಸಿಗಾಗಿ ಬರುತ್ತಿದ್ದ ಕಾಲಕ್ಕೇ ಅಲ್ಲೊಂದು ಬಂದರು ಇತ್ತು. ನಾನು ಹನ್ನೆರಡು ವರ್ಷದಿಂದ ಬಾಯಿ ಒಣಗಿಸಿಕೊಂಡು ಹೇಳುತ್ತಿರುವುದೂ ಅದನ್ನೇ.

ತೀರ್ಥಹಳ್ಳಿಯ ವಕೀಲ ಸುಬ್ಬಯ್ಯನ ಹೆಸರು ಕೇಳಿರಬೇಕು. ಕಕ್ಷಿದಾರರು ಸಿಗದ ದಿನ ಇತಿಹಾಸ ಬರೆಯುವ ಮನುಷ್ಯ. ಆ ದಿಬ್ಬ ಐದನೇ ಶತಮಾನದ್ದು, ಕದಂಬರ ಕಾಲದ್ದು ಎಂದು ಊರೂರಿಗೆ ಹೇಳಿಕೊಂಡು ತಿರುಗುತ್ತಿದ್ದಾನೆ. ದಿಬ್ಬದ ಮೇಲೆ ಕಾಲಿಟ್ಟವನಲ್ಲ, ಚಪ್ಪಲಿಗೆ ಮರಳು ಹೋಗುತ್ತದಂತೆ. ಬರುವ ಫೆಬ್ರವರಿಯಲ್ಲಿ ತೀರ್ಥಹಳ್ಳಿಯಲ್ಲಿ ಇತಿಹಾಸ ಸಮ್ಮೇಳನ, ಅವನೇ ಅಧ್ಯಕ್ಷ. ಅವನ ಮುಖದೆದುರು ನಿಂತು ಈ ವರದಿ ಓದಬೇಕು. ಅದು ಬಿಟ್ಟರೆ ನನಗೆ ಬೇರೆ ಆಸೆ ಉಳಿದಿಲ್ಲ.

ಆದರೆ ವರದಿಯ ಅಡಿಯಲ್ಲಿ ಯಾರೋ ಶಾಯಿಯಲ್ಲಿ ಒಂದು ಸಾಲು ಗೀಚಿದ್ದಾರೆ: "ಸಮುದ್ರದ ಚಿಪ್ಪಾದ್ದರಿಂದ ಸುಮಾರು ನಾನೂರು ವರ್ಷ ಕಳೆಯಬೇಕಾಗಬಹುದು." ಪಕ್ಕದಲ್ಲಿ ನಿನ್ನ ಸಹಿ. ನಾನೂರು ವರ್ಷ ಕಳೆದರೆ ನನ್ನ ಬಂದರು ನೇರ ಸುಬ್ಬಯ್ಯನ ಮಡಿಲಿಗೆ ಹೋಗಿ ಬೀಳುತ್ತದೆ. ನಿನಗೆ ಗಣಿತ ಬರುತ್ತಿತ್ತು, ಇತಿಹಾಸದಲ್ಲಿ ಸಾಧಾರಣ. ಆ ಸಾಲನ್ನು ತೆಗೆದು ಹೊಸ ಪ್ರತಿ ಕಳಿಸು. ನನ್ನ ಪುಸ್ತಕ ಅಚ್ಚಿಗೆ ಹೋಗುವುದಿದೆ.

ಸೀತಾರಾಮಪ್ಪ
ನಿವೃತ್ತ ಮುಖ್ಯೋಪಾಧ್ಯಾಯ


ಮುಂಬಯಿ
೨೬ ಜೂನ್ ೧೯೬೫

ಪೂಜ್ಯ ಗುರುಗಳಿಗೆ ಶರಾವತಿಯ ನಮಸ್ಕಾರಗಳು.

ಹೌದು, ನಾನು ದುಗ್ಗಪ್ಪನ ಮಗಳೇ. ಲಕೋಟೆಯ ಮೇಲೆ ನಿಮ್ಮ ಕೈಬರಹ ಕಂಡು, ಕುರ್ಚಿಯಿಂದ ಎದ್ದು ನಿಂತೇ ಬಿಚ್ಚಿದೆ. ಇಲ್ಲಿ ನಾನು ರಸಾಯನಶಾಸ್ತ್ರದ ಸಹಾಯಕಿ. ಕಳಿಸಿದವರ ಹೆಸರಿನಲ್ಲಿ ನಿಮ್ಮ ಹೆಸರು ನೋಡಿ, ಬೇರೆಯವರಿಗೆ ಕೊಡದೆ ನಾನೇ ಆ ಚಿಪ್ಪುಗಳ ಕೆಲಸ ಮಾಡಿದೆ.

ಆ ಸಾಲನ್ನು ತೆಗೆಯಲು ಆಗುವುದಿಲ್ಲ ಗುರುಗಳೇ, ಕ್ಷಮಿಸಬೇಕು. ಜೀವ ಇರುವ ತನಕ ಮರವಾಗಲಿ ಪ್ರಾಣಿಯಾಗಲಿ ಗಾಳಿಯಿಂದ ಬಂದ ಇಂಗಾಲವನ್ನು ಮೈಗೂಡಿಸಿಕೊಳ್ಳುತ್ತಲೇ ಇರುತ್ತದೆ. ಸತ್ತ ಮೇಲೆ ಅದರಲ್ಲಿ ಒಂದು ಬಗೆಯ ಇಂಗಾಲ ಕರಗುತ್ತ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದು ನಾವು ವಯಸ್ಸು ಹೇಳುತ್ತೇವೆ. ಆದರೆ ಸಮುದ್ರದ ಜೀವಿಗೆ ಸಿಗುವುದು ನೀರಿನೊಳಗಿನ ಇಂಗಾಲ. ತಳದಲ್ಲಿ ನೂರಾರು ವರ್ಷ ಕೂತಿದ್ದ ನೀರು ಮೇಲೆ ಬಂದು ಬೆರೆಯುತ್ತಿರುತ್ತದೆ. ನಿನ್ನೆಯ ಹುಳಿಹಿಟ್ಟನ್ನು ಇವತ್ತು ರುಬ್ಬಿದ ದೋಸೆಹಿಟ್ಟಿಗೆ ಬೆರೆಸಿದ ಹಾಗೆ. ಹಿಟ್ಟು ಇವತ್ತಿನದೇ, ಹುಳಿ ಮಾತ್ರ ನಿನ್ನೆಯದು. ಹಾಗಾಗಿ ಜೀವಂತ ಇರುವ ಚಿಪ್ಪಿನ ಹುಳವೂ ನಮ್ಮ ಯಂತ್ರಕ್ಕೆ ನಾಲ್ಕು ಶತಮಾನ ಹಿಂದೆಯೇ ಸತ್ತದ್ದರ ಹಾಗೆ ಕಾಣುತ್ತದೆ. ಬೇರೆ ದೇಶದ ಕರಾವಳಿಗಳಲ್ಲಿ ಇದನ್ನು ಅಳೆದಿದ್ದಾರೆ. ನಮ್ಮ ಈ ಕರಾವಳಿಗೆ ಯಾರೂ ಅಳೆದಿಲ್ಲ. ಅದಕ್ಕೇ "ಕಳೆಯಬೇಕಾಗಬಹುದು" ಎಂದು ಬರೆದೆ.

ಚಿಪ್ಪಿನ ಜೊತೆ ಅದೇ ಗುಂಡಿಯ ಒಲೆಯ ಇದ್ದಿಲು ಬಂದಿದ್ದರೆ ತೊಂದರೆಯೇ ಇರಲಿಲ್ಲ. ಇದ್ದಿಲು ಮರದ್ದು, ಗಾಳಿಯ ಲೆಕ್ಕದ್ದು. ನೀವು ಚಿಪ್ಪುಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಮಸಿಯನ್ನೆಲ್ಲ ಚೆಲ್ಲಿ ಕಳಿಸಿದ್ದೀರಿ.

ಒಂದು ದಾರಿ ಇದೆ. ನಮ್ಮ ಕರಾವಳಿಯಲ್ಲಿ ಇಂಥ ವರ್ಷ ಜೀವಂತ ಸಿಕ್ಕಿತು ಎಂದು ಖಚಿತವಾಗಿ ಗೊತ್ತಿರುವ ಒಂದು ಚಿಪ್ಪು ಬೇಕು. ಅದೂ ೧೯೫೦ಕ್ಕಿಂತ ಹಿಂದಿನದು. ಆಮೇಲಿನ ಅಣುಬಾಂಬುಗಳಿಂದ ಗಾಳಿಯ ಲೆಕ್ಕವೇ ಕೆಟ್ಟಿದೆ, ಸಮುದ್ರಕ್ಕೂ ಅದು ಇಳಿಯುತ್ತಿದೆ. ಸ್ಕೂಲಿನಲ್ಲಿ ನಿಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಒಂದು ಶಂಖ ಇಡುತ್ತಿದ್ದಿರಿ. ಅದರ ಅಂಚಿನಲ್ಲಿ "ಹೊನ್ನಾವರ, ಡಿಸೆಂಬರ್ ೧೯೩೭" ಎಂದು ಕರಿ ಶಾಯಿಯಲ್ಲಿ ಬರೆದಿತ್ತು. ಬೈಸಿಕೊಳ್ಳಲು ನಿಂತಾಗಲೆಲ್ಲ ನಾನು ಅದನ್ನೇ ಓದುತ್ತಿದ್ದೆ. ಅದು ಜೀವಂತ ಸಿಕ್ಕಿದ್ದೇ, ಅಥವಾ ದಡದಲ್ಲಿ ಬಿದ್ದಿದ್ದ ಖಾಲಿ ಚಿಪ್ಪೇ? ಜೀವಂತ ಸಿಕ್ಕಿದ್ದಾದರೆ ದಯವಿಟ್ಟು ಕಳಿಸಿಕೊಡಬೇಕು.

ನಿಮ್ಮ ವಿದ್ಯಾರ್ಥಿನಿ
ಶರಾವತಿ


ಸಾಗರ
೧೦ ಜುಲೈ ೧೯೬೫

ದೋಸೆ ಶಾಸ್ತ್ರಜ್ಞೆ ಶರಾವತಿಗೆ,

ನಿನ್ನ ಪಾಠ ಓದಿದೆ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಹಿಟ್ಟು ರುಬ್ಬುವುದನ್ನು ಹೇಳಿಕೊಡಲು ಮುಂಬಯಿಯಿಂದ ಕಾಗದ ಬರಬೇಕಾಯಿತು. ಸಂತೋಷ. ಗಾಳಿ ಕೆಟ್ಟಿದೆ, ನೀರು ಹಳಸಿದೆ, ಹುಳ ಬದುಕಿದ್ದರೂ ಸತ್ತಿದೆ. ನಿಮ್ಮ ಯಂತ್ರವೊಂದೇ ಸರಿ ಇರುವುದು, ಪಾಪ.

ಮೊನ್ನೆ ಹೊಸನಗರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಅಪ್ಪ ಸಿಕ್ಕಿದ. ನಿನ್ನ ಮಗಳು ನನ್ನ ಬಂದರನ್ನು ನಾನೂರು ವರ್ಷ ಕೆಳಗೆ ತಳ್ಳಿದ್ದಾಳೆ ಕಣಯ್ಯಾ ಎಂದೆ. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಯ್ಯಯ್ಯೋ ಮಾಷ್ಟ್ರೇ, ತಿಳೀದೆ ಏನಾರ ಬರ್ದಿರ್ತಾಳೆ, ಹೊಟ್ಟೆಗೆ ಹಾಕ್ಕಳಿ. ನಾನು ಹೇಳ್ತೀನಿ ಅವಳಿಗೆ" ಎಂದ. ಅವನಿಗಿರುವ ವಿನಯದಲ್ಲಿ ಕಾಲುಭಾಗ ನಿನಗೆ ಇದ್ದಿದ್ದರೆ ಈ ಕಾಗದ ಬರೆಯುವ ಕೆಲಸ ತಪ್ಪುತ್ತಿತ್ತು.

ಮಸಿ ಚೆಲ್ಲಿದೆ ಎಂದು ಆಕ್ಷೇಪಿಸಿದ್ದೀಯ. ಸರ್ಕಾರದ ಪ್ರಯೋಗಾಲಯಕ್ಕೆ ಕೊಳಕು ಚಿಪ್ಪು ಕಳಿಸುವುದು ನನ್ನ ಜಾಯಮಾನವಲ್ಲ. ತೊಳೆದು, ಒಣಗಿಸಿ, ಹತ್ತಿಯಲ್ಲಿ ಸುತ್ತಿ ಕಳಿಸಿದೆ. ಅದಕ್ಕೆ ಇದು ಬಹುಮಾನ.

ಮೇಜಿನ ಮೇಲಿನ ವಸ್ತುವಿನ ಬಗ್ಗೆ ಕೇಳಿದ್ದೀಯ. ಅದು ಕಾಗದ ಹಾರದಂತೆ ಇಡುವುದಕ್ಕೆ ಇರುವುದು. ಹಾಗೇ ಇರಲಿ.

ಸೀತಾರಾಮಪ್ಪ


ಮುಂಬಯಿ
೩೦ ಜುಲೈ ೧೯೬೫

ಗುರುಗಳಿಗೆ ನಮಸ್ಕಾರ.

ಅಪ್ಪ ಕಾಗದ ಬರೆಸಿದ್ದಾರೆ. ನಾನು ನಿಮ್ಮ ಕ್ಷಮೆ ಕೇಳಬೇಕಂತೆ. ಕೇಳಿದ್ದೇನೆ ಎಂದು ಅವರಿಗೆ ತಿಳಿಸಿ. ಆ ಸಾಲು ಮಾತ್ರ ಇದ್ದಲ್ಲೇ ಇರುತ್ತದೆ.

ಇಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಚಿಪ್ಪುಗಳನ್ನು ಹುಡುಕಿದೆ. ಬೇಕಾದಷ್ಟಿವೆ. ಎಲ್ಲದರ ಮೇಲೂ ಕೊಂಡ ವರ್ಷ ಬರೆದಿದ್ದಾರೆ, ಸತ್ತ ವರ್ಷ ಯಾರೂ ಬರೆದಿಲ್ಲ. ನಿಮ್ಮದೊಂದರ ಮೇಲೆಯೇ ಊರು, ತಿಂಗಳು, ವರ್ಷ ಇರುವುದು. ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಟ್ಟಿಲ್ಲ. ಜೀವಂತ ಸಿಕ್ಕಿತೇ ಇಲ್ಲವೇ?

ಮುಚ್ಚಿಡುವುದಿಲ್ಲ, ಕಳಿಸಿದರೆ ಅದು ವಾಪಸು ಬರುವುದಿಲ್ಲ. ಚೂರು ಮಾಡಿ ಆಮ್ಲದಲ್ಲಿ ಕರಗಿಸಬೇಕು, ಹೊರಡುವ ಅನಿಲವನ್ನು ಹಿಡಿದು ಅಳೆಯಬೇಕು. ಏನೂ ಉಳಿಯುವುದಿಲ್ಲ. ಆದರೆ ಕಾಗದದ ಮೇಲಿಡಲು ಸಾಗರದಲ್ಲಿ ಕಲ್ಲಿಗೆ ಬರವಿಲ್ಲವಲ್ಲ. ತೀರ್ಥಹಳ್ಳಿಯಲ್ಲಿ ಎಲ್ಲರೆದುರು ತಪ್ಪು ಕಾಲ ಓದಿ, ಆಮೇಲೆ ಯಾರೋ ಹೊರಗಿನವರು ಅದನ್ನು ತಿದ್ದುವುದು ನನಗೆ ಬೇಕಿಲ್ಲ. ತಿದ್ದುವುದಾದರೆ ನೀವೇ ತಿದ್ದಬೇಕು.

ಶರಾವತಿ


ಸಾಗರ
೨೧ ಆಗಸ್ಟ್ ೧೯೬೫

ಕುಮಾರಿ ಶರಾವತಿಗೆ,

ಚಿಪ್ಪು ಬೇಕೆಂದು ಪ್ರಾಣ ತಿನ್ನುತ್ತಿದ್ದೀಯಲ್ಲ, ತಗೋ. ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ನೀನು ಕೇಳಿದ್ದಲ್ಲ. ಅದು ಎಲ್ಲಿದೆಯೋ ಅಲ್ಲೇ ಇದೆ.

ಇಲ್ಲಿ ಊರಾಚೆ ಸುಣ್ಣದ ಭಟ್ಟಿ ಇಟ್ಟಿರುವ ಜಟ್ಟಪ್ಪ ಹೊನ್ನಾವರದ ಕಡೆಯಿಂದ ಲಾರಿಯಲ್ಲಿ ಚಿಪ್ಪು ತರಿಸುತ್ತಾನೆ. ಇಡೀ ಸಾಗರ ಎಲೆಗೆ ಹಚ್ಚುವುದು, ಗೋಡೆಗೆ ಬಳಿಯುವುದು ಅವನ ಸುಣ್ಣವನ್ನೇ. ಹೊಸ ಲೋಡು ಬಂದ ದಿನವೇ ಹೋಗಿ ಒಂದು ಬೊಗಸೆ ಆರಿಸಿಕೊಂಡೆ. ಹೊಸದೇನಯ್ಯಾ ಎಂದು ಕೇಳಿದೆ. "ಹೊಸಾದೇ ಮಾಷ್ಟ್ರೇ, ನಿನ್ನೆ ತೆಗದದ್ದು ಇವತ್ತು ಲಾರಿ ಹತ್ತದ್ಯೆ" ಎಂದ. ಅಲ್ಲಿಗೆ ಮುಗಿಯಿತು. ಸಮುದ್ರ ಅದೇ, ಊರು ಅದೇ, ಚಿಪ್ಪು ಚಿಪ್ಪೇ. ನಿನ್ನೆ ತೆಗೆದ ಚಿಪ್ಪನ್ನು ನಿನ್ನ ಯಂತ್ರ ನಿನ್ನೆಯದು ಎಂದು ಹೇಳಿತೋ, ನಿನ್ನ ನಾನೂರು ವರ್ಷ ಹೊಳೆಗೆ ಹೋಯಿತು. ಬಾಂಬಿನ ಕತೆ ನನಗೆ ಬೇಡ, ಹೊನ್ನಾವರದಲ್ಲಿ ಯಾರೂ ಬಾಂಬು ಹಾಕಿಲ್ಲ.

ಉತ್ತರದಲ್ಲಿ ಸಂಖ್ಯೆಯೊಂದನ್ನೇ ಬರೆ. ಉಪದೇಶ ಬೇಡ.

ಸೀತಾರಾಮಪ್ಪ


ಮುಂಬಯಿ
೧೧ ನವೆಂಬರ್ ೧೯೬೫

ಗುರುಗಳಿಗೆ,

ನೀವು ಕಳಿಸಿದ ಜಟ್ಟಪ್ಪನ ಚಿಪ್ಪು: ಎರಡು ಸಾವಿರದ ಒಂಬೈನೂರು ವರ್ಷ.

ಸಂಖ್ಯೆಯೊಂದನ್ನೇ ಬರೆ ಎಂದಿದ್ದಿರಿ. ಬರೆದಿದ್ದೇನೆ.

ಶರಾವತಿ


ಸಾಗರ
೨೨ ನವೆಂಬರ್ ೧೯೬೫

ಮಹಾವಿಜ್ಞಾನಿ ಕುಮಾರಿ ಶರಾವತಿಯವರ ಸನ್ನಿಧಾನಕ್ಕೆ,

ಕಾಗದ ಓದಿ ಒಬ್ಬನೇ ಕೂತು ನಕ್ಕೆ. ಪಕ್ಕದ ಮನೆಯವರು ಬಂದು ಏನಾಯಿತು ಮಾಷ್ಟ್ರೇ ಎಂದು ಕೇಳುವಷ್ಟು ನಕ್ಕೆ. ಲಾರಿಯಲ್ಲಿ ಬಂದ ಚಿಪ್ಪಿಗೆ ಎರಡು ಸಾವಿರದ ಒಂಬೈನೂರು ವರ್ಷ! ಹಾಗಾದರೆ ಜಟ್ಟಪ್ಪ ಸುಡುತ್ತಿರುವುದು ಬುದ್ಧನಿಗಿಂತ ಹಳೆಯ ಸುಣ್ಣ. ಸಾಗರದ ಮುದುಕಿಯರು ಎಲೆಗೆ ಹಚ್ಚಿ ಉಗಿಯುತ್ತಿರುವುದು ಅದನ್ನೇ.

ಇನ್ನು ನಿನ್ನ ನಾನೂರು ವರ್ಷದ ಮಾತು ಯಾರು ಕೇಳುತ್ತಾರೆ? ನಾನೂರೋ, ಎರಡು ಸಾವಿರದ ಒಂಬೈನೂರೋ, ನಿಮಗೇ ಗೊತ್ತಿಲ್ಲ. ಈ ಕಾಗದವನ್ನೇ ತೀರ್ಥಹಳ್ಳಿಯಲ್ಲಿ ಓದುತ್ತೇನೆ. ಅಲ್ಲಿ ಊಟದ ಹೊತ್ತಿನ ತನಕ ಜನ ಎದ್ದಿರುವುದೇ ಕಷ್ಟ, ಇದಾದರೂ ಎಚ್ಚರ ಇಡುತ್ತದೆ. ನಿನ್ನ ಹೆಸರು ಹೇಳುವುದಿಲ್ಲ, ಹೆದರಬೇಡ. ನಿನ್ನ ಅಪ್ಪನ ಮುಖ ನೋಡಿ ಅಷ್ಟು ದಯೆ ತೋರಿಸುತ್ತೇನೆ.

ಮದುವೆಯ ವಯಸ್ಸು ದಾಟುತ್ತಿದೆ ಎಂದು ಅವನು ಕೊರಗುತ್ತಿದ್ದ. ಆ ಯಂತ್ರವನ್ನು ಯಾರಿಗಾದರೂ ಒಪ್ಪಿಸಿ ಊರಿಗೆ ಬಂದರೆ ಯಂತ್ರಕ್ಕೂ ಒಳ್ಳೆಯದು, ನಿನಗೂ ಒಳ್ಳೆಯದು.

ಸೀತಾರಾಮಪ್ಪ


ಮುಂಬಯಿ
೫ ಡಿಸೆಂಬರ್ ೧೯೬೫

ಶ್ರೀ ಸೀತಾರಾಮಪ್ಪನವರಿಗೆ,

ತೀರ್ಥಹಳ್ಳಿಯಲ್ಲಿ ಧಾರಾಳವಾಗಿ ಓದಿ. ಓದುವ ಮೊದಲು ಒಂದು ಮಾತು ಯೋಚಿಸಿ. ಜಟ್ಟಪ್ಪನ ಚಿಪ್ಪಿಗೆ ವಯಸ್ಸು ಹೇಳಿದ್ದು ಯಾವ ಯಂತ್ರವೋ, ನಿಮ್ಮ ದಿಬ್ಬ ಮೊದಲನೇ ಶತಮಾನದ್ದು ಎಂದು ಹೇಳಿದ್ದೂ ಅದೇ ಯಂತ್ರ. ಅದು ಮೂರ್ಖ ಎಂದಾದರೆ ನಿಮ್ಮ ಬಂದರೂ ಮೂರ್ಖನ ಮಾತು. ಇದನ್ನು ಕೇಳಲು ಸುಬ್ಬಯ್ಯನವರು ವಕೀಲರೇ ಆಗಿರಬೇಕಿಲ್ಲ.

ಯಂತ್ರ ತಪ್ಪಿಲ್ಲ. ನೀವು ತಪ್ಪಿದ್ದೀರಿ. ಸುಣ್ಣದವರು ಬದುಕಿದ ಚಿಪ್ಪು ತರುವುದಿಲ್ಲ. ಹೊಳೆಯ ಬಾಯಲ್ಲಿ ಕೆಸರಿನ ಅಡಿಗೆ ಹಳೆಯ ಚಿಪ್ಪಿನ ಹಾಸೇ ಇರುತ್ತದೆ, ಅದನ್ನು ದೋಣಿಯಲ್ಲಿ ನಿಂತು ಬಾಚಿ ತೆಗೆಯುತ್ತಾರೆ. ನಿನ್ನೆ ತೆಗೆದದ್ದು ಎಂದು ಜಟ್ಟಪ್ಪ ಹೇಳಿದ್ದು ನಿಜ. ನಿನ್ನೆ ಸತ್ತದ್ದು ಎಂದು ಅವನು ಹೇಳಲಿಲ್ಲ. ನೀವು ಕೇಳಲೂ ಇಲ್ಲ. ಪೊಟ್ಟಣ ಬಿಚ್ಚಿದಾಗಲೇ ನನಗೆ ತಿಳಿಯಿತು. ಮೇಲಿನ ಸಿಪ್ಪೆ ಇಲ್ಲ, ಹೊಳಪಿಲ್ಲ, ಸಂದಿನಲ್ಲಿ ಗಟ್ಟಿಯಾದ ನೀಲಿ ಕೆಸರು. ಆದರೂ ಅಳೆದೆ. ಸಂಖ್ಯೆ ಇಲ್ಲದೆ ನೀವು ನಂಬುವವರಲ್ಲ. ಅಷ್ಟನ್ನೇ ಬರೆದು ಸುಮ್ಮನಾದೆ, ನೀವು ಏನು ಬರೆಯುತ್ತೀರೆಂದು ನೋಡಬೇಕೆನಿಸಿತ್ತು. ನೋಡಿದೆ.

ಆ ಅಳತೆಗಾಗಿ ದೀಪಾವಳಿಗೆ ಊರಿಗೆ ಹೋಗುವ ರಜೆ ಬಿಟ್ಟೆ. ಬೇರೆಯವರ ಕೆಲಸ ಇಲ್ಲದ ದಿನಗಳಲ್ಲಿ ಮಾತ್ರ ಯಂತ್ರ ಸಿಗುತ್ತಿತ್ತು. ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದು ಕಾದು ವಾಪಸು ಹೋದರಂತೆ. ಅದನ್ನು ಅವರು ನಿಮಗೆ ಹೇಳಿರುವುದಿಲ್ಲ, ಅವರಿಗೆ ವಿನಯ ಇದೆ.

ಎಂಟನೇ ಕ್ಲಾಸಿನಲ್ಲಿ ನನ್ನ ಜೊತೆಗಿದ್ದ ಆನಂದಪುರದ ಕೆರಿಯಮ್ಮ ನಿಮಗೆ ನೆನಪಿರಲಾರಳು. ನನಗೆ ನೆನಪಿದೆ. ಶಿವಪ್ಪ ನಾಯಕ ಪಟ್ಟಕ್ಕೆ ಬಂದ ವರ್ಷವನ್ನು ನಾಲ್ಕು ವರ್ಷ ತಪ್ಪು ಹೇಳಿದಳೆಂದು ಗಂಟೆ ಹೊಡೆಯುವ ತನಕ ಬೆಂಚಿನ ಮೇಲೆ ನಿಲ್ಲಿಸಿದಿರಿ. ಅವಳು ಮರುದಿನದಿಂದ ಸ್ಕೂಲಿಗೇ ಬರಲಿಲ್ಲ. "ಕಾಲ ತಪ್ಪಿದವನಿಗೆ ಇತಿಹಾಸ ಮುಟ್ಟುವ ಯೋಗ್ಯತೆ ಇಲ್ಲ" ಎಂದು ಅವತ್ತು ಹೇಳಿದವರು ನೀವೇ. ನಾನು ಅದನ್ನು ನಂಬಿ ಇಲ್ಲಿಯವರೆಗೆ ಬಂದೆ. ಈಗ ನೀವು ನಾಲ್ಕು ವರ್ಷವಲ್ಲ, ನಾನೂರು ವರ್ಷ ತಪ್ಪಲು ತಯಾರಾಗಿ ನಿಂತಿದ್ದೀರಿ. ಕಾಗದದ ಮೇಲಿಡುವ ಒಂದು ಚಿಪ್ಪು ಬಿಟ್ಟುಕೊಡಲಾರದೆ, ಸುಬ್ಬಯ್ಯನವರ ಮೇಲಿನ ಹೊಟ್ಟೆಕಿಚ್ಚಿಗೆ. ನಿಮ್ಮನ್ನು ಇಷ್ಟು ಸಣ್ಣವರೆಂದು ನಾನು ತಿಳಿದಿರಲಿಲ್ಲ.

ಇನ್ನು ನಾನು ಬರೆಯುವುದಿಲ್ಲ.

ಡಿ. ಶರಾವತಿ


ಸಾಗರ
೨೮ ಡಿಸೆಂಬರ್ ೧೯೬೫

ಶರಾವತಿಗೆ,

ರಿಜಿಸ್ಟರ್ ಪಾರ್ಸೆಲ್ಲಿನಲ್ಲಿ ಶಂಖ ಕಳಿಸಿದ್ದೇನೆ. ತೊಳೆದಿಲ್ಲ. ಹೇಗಿತ್ತೋ ಹಾಗೆ.

ಕಡಲಿನದು, ಹೊಳೆಯ ಬಾಯಿಯದಲ್ಲ. ಜೀವಂತ ಸಿಕ್ಕಿದ್ದು. ಹೇಗೆ ಗೊತ್ತು ಎಂದು ಕೇಳಬೇಡ. ಗೊತ್ತು.

ಕೆರಿಯಮ್ಮ ನೆನಪಿದ್ದಾಳೆ. ಕಾಗದದ ಮೇಲಿಡಲು ಒಂದು ಕಲ್ಲು ಸಿಕ್ಕಿದೆ. ಪಾರ್ಸೆಲ್ಲು ತಲುಪಿತು ಎಂದು ಬರೆಯುವ ಅಗತ್ಯವಿಲ್ಲ.

ಸೀ.


ಮುಂಬಯಿ
೩೧ ಜನವರಿ ೧೯೬೬

ಗುರುಗಳಿಗೆ ನಮಸ್ಕಾರ.

ಬರೆಯುವುದಿಲ್ಲ ಎಂದಿದ್ದೆ. ಆದರೆ ಈ ಸಂಖ್ಯೆಯನ್ನು ನಿಮಗಿಂತ ಮೊದಲು ಬೇರೆಯವರಿಗೆ ಹೇಳುವುದು ಸರಿಯಲ್ಲ.

ನಿಮ್ಮ ಶಂಖವನ್ನು ಎರಡು ಭಾಗ ಮಾಡಿ ಎರಡು ಸಲ ಅಳೆದೆ. ಬೇರೆ ತಿದ್ದುಪಡಿಗಳನ್ನೆಲ್ಲ ಮಾಡಿ, ೧೯೩೭ರಿಂದ ಈಚಿನ ವರ್ಷಗಳನ್ನೂ ಬಿಟ್ಟ ಮೇಲೆ ನಾನೂರು ವರ್ಷ ಹೆಚ್ಚಾಗಿ ಬರುತ್ತದೆ. ಐವತ್ತು ಅರವತ್ತು ಆಚೀಚೆ ಇರಬಹುದು. ಅದನ್ನು ಕಳೆದರೆ ನಿಮ್ಮ ದಿಬ್ಬ ಐದನೇ ಶತಮಾನದ್ದು. ಇಷ್ಟು ದಿನ ಇದನ್ನು ಹೇಳಿ ನಿಮ್ಮ ಬಾಯಿ ಮುಚ್ಚಿಸಬೇಕೆಂದು ಕಾದಿದ್ದೆ. ಈಗ ಬರೆಯುವಾಗ ಖುಷಿ ಆಗುತ್ತಿಲ್ಲ. ಯಾಕೋ ಗೊತ್ತಿಲ್ಲ.

ಎರಡು ವಿಷಯ ತಿಳಿಸಬೇಕು. ಶಂಖದ ಒಳಬದಿಯಲ್ಲಿ ಕೆಂಪು ಬಣ್ಣ ಇತ್ತು, ಕುಂಕುಮ ಇರಬೇಕು. ಮೊದಲು ಹೊರಗಿನ ಕೊಳೆ ತೆಗೆಯಲು ಆಮ್ಲದಲ್ಲಿ ಅದ್ದುತ್ತೇವೆ, ಆಗಲೇ ಅದು ಹೋಯಿತು. ಅದು ಯಾಕಿತ್ತು ಎಂದು ಆಮೇಲೆ ಯೋಚಿಸಿದೆ. ನಿಮ್ಮ ಕೋಣೆಯಲ್ಲಿ ದೇವರ ಪಟ ನೋಡಿದ ನೆನಪು ನನಗಿಲ್ಲ.

ಇನ್ನೊಂದು, ಇದನ್ನು ಪ್ರಕಟಿಸುತ್ತೇವೆ. ನಮ್ಮ ಕರಾವಳಿಯ ತಿದ್ದುಪಡಿಗೆ ಇದೇ ಮೊದಲ ಆಧಾರ. ಜೀವಂತ ಇತ್ತು ಎಂಬುದಕ್ಕೆ ಸಾಕ್ಷಿ ಬೇಕು, ಸಂಗ್ರಹಿಸಿದವರ ಹೆಸರು ಬೇಕು. ಸೀತಾರಾಮಪ್ಪ, ಸಾಗರ ಎಂದು ಹಾಕುತ್ತೇನೆ. ಸರಿಯೇ?

ತೀರ್ಥಹಳ್ಳಿಗೆ ಹೋಗದಿದ್ದರೂ ಆಗುತ್ತದೆ. ಮೈ ಹುಷಾರಿಲ್ಲ ಎಂದರೆ ಮುಗಿಯಿತು.

ಶರಾವತಿ


ತೀರ್ಥಹಳ್ಳಿ
೧೪ ಫೆಬ್ರವರಿ ೧೯೬೬

ಚಿ. ಶರಾವತಿಗೆ,

ನನ್ನ ಮೈ ಹುಷಾರಾಗಿದೆ. ಸುಳ್ಳು ಹೇಳಿ ಮನೆಯಲ್ಲಿ ಕೂರುವ ಉಪಾಯವನ್ನು ಮೇಷ್ಟ್ರಿಗೆ ಹೇಳಿಕೊಡುವ ಮಟ್ಟಕ್ಕೆ ಬಂದೆಯಲ್ಲ, ಭ್ರಷ್ಟೆ.

ಇಲ್ಲಿಯ ಹೋಟೆಲಿನ ಮಾಳಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸಮ್ಮೇಳನ ಮುಗಿಯಿತು. ಸುಬ್ಬಯ್ಯನಿಗೆ ಹಾಕಿದ ಹಾರ ಅವನ ಹೊಟ್ಟೆ ದಾಟಲಾರದೆ ಅಲ್ಲೇ ಕೂತಿತ್ತು. ಸ್ವಾಗತ ಭಾಷಣ ಮಾಡಿದವನು ಕದಂಬರನ್ನೂ ಗಂಗರನ್ನೂ ಕಲಸಿ ಚಿತ್ರಾನ್ನ ಮಾಡಿದ. ಊಟ ಮಾತ್ರ ಚೆನ್ನಾಗಿತ್ತು, ಅದಕ್ಕೇ ಜನ ಬಂದಿದ್ದರು.

ನನ್ನ ಸರದಿ ಬಂತು. ದಿಬ್ಬ ಐದನೇ ಶತಮಾನದ್ದು ಎಂದು ಓದಿದೆ. ನಾನು ಮೊದಲು ಹೇಳಿದ್ದು ತಪ್ಪು, ಅಧ್ಯಕ್ಷರು ಹೇಳಿದ್ದು ಸರಿ, ಆದರೆ ಅವರು ಸರಿಯಾದದ್ದು ಕುರುಡನಿಗೆ ದಾರಿಯಲ್ಲಿ ಪಾವಲಿ ಸಿಕ್ಕ ಹಾಗೆ ಎಂದೂ ಓದಿದೆ. ಅಚ್ಚಿನಮನೆಯಿಂದ ಪುಸ್ತಕ ವಾಪಸು ತಂದಿದ್ದೇನೆ. ಹನ್ನೆರಡು ವರ್ಷದ ಕೆಲಸ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯಿತು, ಇನ್ನೂ ಉರಿಯುತ್ತಿದೆ.

ನಿನ್ನ ನಾನೂರು ವರ್ಷವನ್ನೂ ವಿವರಿಸಿದೆ. ದೋಸೆಹಿಟ್ಟಿನ ಮಾತನ್ನೇ ಹೇಳಿದೆ, ಅದು ಎಲ್ಲರಿಗೂ ಅರ್ಥವಾಯಿತು. ಗೆದ್ದವನು ಸುಮ್ಮನೆ ಕೂರಬೇಕಲ್ಲ? ವಕೀಲನಿಗೆ ಅದು ಸಾಧ್ಯವಿಲ್ಲ. ಎದ್ದು ನಿಂತು ಪಾಟೀಸವಾಲು ಶುರು ಮಾಡಿದ. "ಅಲ್ಲ ಸೀತಾರಾಮಪ್ಪನೋರೆ, ಆ ಶಂಖ ಸಿಕ್ಕಿದಾಗ ಅದ್ರೊಳಗೆ ಜೀವ ಇತ್ತು ಅನ್ನಕ್ಕೆ ಸಾಕ್ಷಿ ಯಾರು? ನೀವೇ ಹಿಡಿದ್ರಾ?"

ನಾನು ಹಿಡಿದಿದ್ದಲ್ಲ ಎಂದೆ. ನನ್ನ ಹೆಂಡತಿ ಯಮುನಮ್ಮ ಹಿಡಿದದ್ದು ಎಂದೆ. ಆ ಹೆಸರನ್ನು ನಾಲ್ಕು ಜನರೆದುರು ನಾನು ಹೇಳಿ ಇಪ್ಪತ್ತೇಳು ವರ್ಷವಾಗಿತ್ತು. ನನಗೆ ಹೆಂಡತಿ ಇದ್ದಳೆಂಬುದೇ ಆ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ.

ಅಲ್ಲಿ ಹೇಳಿದ್ದನ್ನು ನಿನಗೂ ಹೇಳುತ್ತೇನೆ, ಸಾಕ್ಷಿ ಬೇಕು ಎಂದೆಯಲ್ಲ. ಮದುವೆಯಾದ ಎರಡನೇ ವರ್ಷ ಡಿಸೆಂಬರ್ ರಜದಲ್ಲಿ ಅವಳಿಗೆ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದೆ. ಮೀನಿನ ಬಲೆಯಲ್ಲಿ ಬಂದ ಈ ಹುಳವನ್ನು ಬೆಸ್ತರು ಬೇಡವೆಂದು ಎಸೆದರು. ಅವಳು ಎತ್ತಿಕೊಂಡು ಅಂಗೈ ಮೇಲಿಟ್ಟುಕೊಂಡು ಕಾದಳು. ಸ್ವಲ್ಪ ಹೊತ್ತಿಗೆ ಅದು ಹೊರಗೆ ಬಂದು ಅವಳ ಕೈ ಮೇಲೆ ನಡೆಯಿತು. ನಾನು ಬಗ್ಗಿ ನೋಡಲು ಹೋದೆ, ಥಟ್ಟನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಆ ಹುಳಕ್ಕೆ ಚಕ್ಕೆಯಂಥ ಒಂದು ಬಾಗಿಲು ಇರುತ್ತದೆ. "ನೋಡಿ, ನೀವು ಬಂದ್ರೆ ಬಾಗ್ಲು ಹಾಕ್ಕಳ್ತದೆ. ನಿಮ್ ಥರನೇ ಇದೂ" ಎಂದು ನಕ್ಕಳು. ಹಿತ್ತಾಳೆ ತಂಬಿಗೆಯಲ್ಲಿ ಉಪ್ಪುನೀರು ತುಂಬಿಸಿ ಅದನ್ನು ಬಸ್ಸಿನಲ್ಲಿ ತಂದಳು. ಸಾಗರ ಮುಟ್ಟುವ ಮೊದಲೇ ಅದು ಸತ್ತು ನಾರಿತು, ಬಸ್ಸಿನವರು ಬೈದರು, ನಾನೂ ಬೈದೆ. ಅವಳು ಚಿಪ್ಪನ್ನು ತೊಳೆದು ಕಿಟಕಿಯಲ್ಲಿಟ್ಟು ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚುತ್ತಿದ್ದಳು. ಹುಳಕ್ಕೆ ಪೂಜೆ ಮಾಡುವ ಹೆಂಗಸನ್ನು ಇಲ್ಲೇ ಕಂಡದ್ದು ಎಂದು ನಾನು ಗೇಲಿ ಮಾಡುತ್ತಿದ್ದೆ. ಮರುವರ್ಷ ಹೆರಿಗೆಯಲ್ಲಿ ಹೋದಳು, ಮಗುವೂ ಹೋಯಿತು. ಆಮೇಲೆ ನಾನು ಅದರ ಮೇಲೆ ತಾರೀಕು ಬರೆದು ಮೇಜಿನ ಮೇಲಿಟ್ಟುಕೊಂಡೆ. ನನಗೆ ಬರುತ್ತಿದ್ದದ್ದು ತಾರೀಕು ಬರೆಯುವುದೊಂದೇ.

ನೀನು ತೊಳೆದದ್ದು ಆ ಕುಂಕುಮ. ನಿನ್ನನ್ನು ಬೈಯುವುದಿಲ್ಲ, ಗೊತ್ತಿಲ್ಲದೆ ಮಾಡಿದೆ. ಅವತ್ತು ಅಂಚೆ ಕಚೇರಿಯಿಂದ ಬಂದು ಖಾಲಿ ಮೇಜು ನೋಡಿ ಅತ್ತೆ. ಅದನ್ನೂ ಬರೆದಿಡುತ್ತೇನೆ, ನನ್ನನ್ನು ಸಣ್ಣವನು ಎಂದೆಯಲ್ಲ.

ನಿನ್ನ ಯಂತ್ರದ ಮಾತು ಕೇಳಿದರೆ ಯಮುನಾ ಹಿಡಿದದ್ದು ಇಕ್ಕೇರಿಯ ಅರಸರ ಕಾಲಕ್ಕೇ ಸತ್ತ ಹುಳ. ಅದು ಅವಳ ಕೈ ಮೇಲೆ ನಡೆದದ್ದನ್ನು ಕಣ್ಣಾರೆ ಕಂಡವನು ನಾನೊಬ್ಬನೇ ಉಳಿದಿದ್ದೇನೆ. ನಾನು ಹೌದೆಂದರೆ ತಾನೇ ನಿನ್ನ ನಾನೂರು ವರ್ಷ ನಿಲ್ಲುವುದು? ಅದಕ್ಕೇ ಸಭೆಯಲ್ಲಿ ಹೇಳಿದೆ, ಜೀವ ಇತ್ತು, ನಾನು ಪಕ್ಕದಲ್ಲಿದ್ದೆ ಎಂದು. ಸುಬ್ಬಯ್ಯ ಮುಂದಿನ ಭಾಷಣಕಾರರ ಹೆಸರು ಕೂಗಿದ. ಆಮೇಲೆ ಊಟಕ್ಕೆ ನನ್ನ ಪಕ್ಕ ಬಂದು ಕೂತ. ತನ್ನ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದ. ದಡ್ಡ, ನನಗೆ ಸಕ್ಕರೆ ಕಾಯಿಲೆ. ತಿಂದೆ.

ಸಂಗ್ರಹಿಸಿದವರು ಎಂಬಲ್ಲಿ ನನ್ನ ಹೆಸರು ಹಾಕಬೇಡ. ಯಮುನಮ್ಮ, ಸಾಗರ ಎಂದು ಹಾಕು. ಯಾವ ಸಂಸ್ಥೆ, ಏನು ಪದವಿ ಎಂದು ನಿಮ್ಮವರು ಕೇಳಿದರೆ ಹೆಸರೊಂದೇ ಸಾಕೆನ್ನು. ಯುಗಾದಿಗಾದರೂ ಊರಿಗೆ ಬಾ, ದುಗ್ಗಪ್ಪ ಕಾಯುತ್ತಾನೆ.

ಶಂಖದ ಬಾಗಿಲನ್ನು ನಾನು ಪಾರ್ಸೆಲ್ಲಿನಲ್ಲಿ ಹಾಕಿರಲಿಲ್ಲ. ಅದು ನನ್ನ ಹತ್ತಿರ ಇದೆ. ಅದನ್ನು ಮಾತ್ರ ಕೇಳಬೇಡ.

ಸೀತಾರಾಮಪ್ಪ